ಮಗು ಕೇಳಿದರೆ ಏನು ಹೇಳುವಿರಿ?

ಗದಗದ ಸಮೀಪದ ಹಿರೇಹಂದಿಗೋಳದಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರ ಮನೆಯಿದೆ. ಅವರ ಮೊಮ್ಮಗುವಿನ ಅಕೀಕಾ ಸಮಾರಂಭಕ್ಕೆಂದು ನಾನು ಅಲ್ಲಿಗೆ ಹೋಗಿದ್ದೆ. ಮಗುವಿನ ತಲೆಗೂದಲು ತೆಗೆದು, ಹೆಸರಿಟ್ಟು, ಊಟ ಮುಗಿದ ಮೇಲೆ ಹೆಂಗಸರೆಲ್ಲ ಒಳಮನೆಯಲ್ಲಿ ಕುಳಿತು ಮಗುವನ್ನು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟಿಸುತ್ತಿದ್ದರು. ಒಬ್ಬಾಕೆ ಮಾತ್ರ ತಟ್ಟೆಗಳನ್ನು ಎತ್ತಿಡುವ ನೆಪದಲ್ಲಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಮದುವೆಯಾಗಿ ಎಂಟು ವರ್ಷ. ಮಕ್ಕಳಿಲ್ಲ. ಇಂತಹ ಸಂದರ್ಭಗಳಲ್ಲಿ ಮಗುವನ್ನು ತನ್ನ ಕೈಗೆ ಕೊಡಲು ಕೆಲವರು ಹಿಂಜರಿಯುತ್ತಾರೆ ಎಂಬುದು ಆಕೆಗೂ ಗೊತ್ತು, ಕೊಡದವರಿಗೂ ಗೊತ್ತು.

ಸಂಜೆ ಮನೆ ಖಾಲಿಯಾದ ಮೇಲೆ ಆಕೆ ಒಂದು ಪ್ಲಾಸ್ಟಿಕ್ ಫೈಲು ಹಿಡಿದುಕೊಂಡು ನನ್ನ ಬಳಿ ಬಂದಳು.

"ಅಕ್ಕಾರ, ಇದ್ರಾಗ ಏನ್ ಬರದಾರ ಅಂತ ಒಂಚೂರು ನೋಡಿ ಹೇಳ್ರಿ. ಮುಂದಿನ ವಾರ ಇದಕ್ಕ ಸಹಿ ಮಾಡ್ಬೇಕಂತ."

ಅದು ನಗರದ ಬಂಜೆತನ ಚಿಕಿತ್ಸಾ ಕೇಂದ್ರವೊಂದರ ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿತ್ತು. ಆಕೆ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಹಾಳೆಗಳನ್ನು ತಿರುವುತ್ತಾ ಹೋದಂತೆ ಒಂದು ಕಡೆ ನನ್ನ ಕೈ ನಿಂತಿತು. ದಾನಿಯ ಅಂಡಾಣುವನ್ನು ಬಳಸಲು ಸಮ್ಮತಿಯಿದೆ ಎಂಬ ಸಾಲಿನ ಮುಂದೆ ಪೆನ್ಸಿಲಿನಿಂದ ಮೊದಲೇ ಗುರುತು ಹಾಕಲಾಗಿತ್ತು. "ಇದರ ಬಗ್ಗೆ ನಿನಗೆ ಹೇಳಿದ್ದಾರೆಯೇ?" ಎಂದು ಕೇಳಿದೆ. ಇಲ್ಲವೆಂದಳು. ಅತ್ತೆಯವರಿಗೆ ಹೇಳಿರಬಹುದು ಎಂದಳು. ಬೇರೊಬ್ಬ ಹೆಣ್ಣಿನ ಅಂಡಾಣುವಿನಿಂದ ಭ್ರೂಣ ಬೆಳೆಸಿ ಆಕೆಯ ಗರ್ಭದಲ್ಲಿ ಇಡುವುದು ಎಂದು ಬಿಡಿಸಿ ಹೇಳಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದ್ದು ಇಷ್ಟೆ:

"ಇದು ಹರಾಮೋ ಹಲಾಲೋ ನೀವು ತಿಳಿದವರು ಹೇಳ್ತೀರಿ. ಆದ್ರ ಆ ಕೂಸು ದೊಡ್ಡದಾಗಿ 'ಅಮ್ಮಾ, ನಾ ಯಾರ ಕೂಸು' ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಸಹೋದರಿಯರೇ, ಮಾನವ ಜೈವಿಕ ತಂತ್ರಜ್ಞಾನದ ಬಗ್ಗೆ ದೊಡ್ಡ ದೊಡ್ಡ ವಿಚಾರ ಸಂಕಿರಣಗಳು ನಡೆಯುತ್ತವೆ. ಆದರೆ ಅಲ್ಲಿ ಕೇಳಬೇಕಾದ ಅತ್ಯಂತ ಮುಖ್ಯ ಪ್ರಶ್ನೆಯನ್ನು ಈ ಹಳ್ಳಿಯ ಹೆಣ್ಣುಮಗಳು ಕೇಳಿದ್ದಳು. ಈ ತಿಂಗಳ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಡುತ್ತೇನೆ.

ಪ್ರನಾಳ ಶಿಶುವಿನ ಕಥೆ

ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದಳು. ಅದರ ಹಿಂದಿದ್ದ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್‌ರಿಗೆ 2010ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಲೂಯಿಸ್ ಹುಟ್ಟಿ ಕೇವಲ ಎರಡೂ ಕಾಲು ತಿಂಗಳಿನಲ್ಲಿ, ಅಕ್ಟೋಬರ್ 3ರಂದು, ಕೊಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶುವಿನ ಜನನವಾಯಿತು. ಆದರೆ ಅವರನ್ನು ಯಾರೂ ನಂಬಲಿಲ್ಲ. ಸರಕಾರ ನೇಮಿಸಿದ ಸಮಿತಿಯು ಅವರ ಮಾತನ್ನು ತಳ್ಳಿಹಾಕಿತು. ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗಾಯಿಸಲಾಯಿತು. ಅವಮಾನ ತಾಳಲಾರದೆ 1981ರ ಜೂನ್‌ನಲ್ಲಿ ಅವರು ತಮ್ಮ ಜೀವನವನ್ನೇ ಕೊನೆಗೊಳಿಸಿಕೊಂಡರು.

1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ್ ಕುಮಾರ್ ತಂಡದ ಶ್ರಮದಿಂದ ಮತ್ತೊಂದು ಮಗು ಜನಿಸಿತು. ದೇಶದ ಮೊದಲ ಪ್ರನಾಳ ಶಿಶುವೆಂಬ ಕೀರ್ತಿ ಆ ತಂಡಕ್ಕೆ ಸಂದಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದ್ ಕುಮಾರ್‌ರವರು 1997ರಲ್ಲಿ ಮುಖರ್ಜಿಯವರ ಹಳೆಯ ಟಿಪ್ಪಣಿಗಳನ್ನು ಓದಿದರು. ಓದಿ, ಮೊದಲಿಗರು ತಾವಲ್ಲ, ಮುಖರ್ಜಿ ಎಂದು ಬಹಿರಂಗವಾಗಿ ಬರೆದರು. ತನ್ನ ತಲೆಯ ಮೇಲಿದ್ದ ಕಿರೀಟವನ್ನು ತಾನೇ ತೆಗೆದು ಸತ್ತವರ ಸಮಾಧಿಯ ಮೇಲಿಟ್ಟ ವಿಜ್ಞಾನಿ ಅವರು! ಈ ತಂತ್ರಜ್ಞಾನದ ಇತಿಹಾಸದಲ್ಲಿ ನಮಗೆ ಕಲಿಯಲು ಮೊದಲ ಪಾಠ ಇಲ್ಲೇ ಇದೆ. ಮಗುವನ್ನು ಸೃಷ್ಟಿಸುವವನು ಅಲ್ಲಾಹನು. ಮನುಷ್ಯನ ಪಾಲಿಗೆ ಇರುವುದು ಪ್ರಾಮಾಣಿಕತೆ ಮಾತ್ರ.

ಚಿಕಿತ್ಸೆಯ ಕ್ರಮವನ್ನು ಸರಳವಾಗಿ ಹೇಳುವುದಾದರೆ, ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಹೆಣ್ಣಿನ ಅಂಡಾಶಯದಲ್ಲಿ ಒಂದೇ ತಿಂಗಳಲ್ಲಿ ಹಲವು ಅಂಡಾಣುಗಳು ಪಕ್ವವಾಗುವಂತೆ ಮಾಡುತ್ತಾರೆ. ಅವುಗಳನ್ನು ಸೂಜಿಯ ಮೂಲಕ ಹೊರತೆಗೆದು ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಂದಿಗೆ ಸೇರಿಸುತ್ತಾರೆ. ಭ್ರೂಣವಾದ ಮೇಲೆ ಮೂರರಿಂದ ಐದು ದಿನಗಳಲ್ಲಿ ಗರ್ಭಕೋಶದೊಳಗೆ ಇಡುತ್ತಾರೆ. ಪುರುಷನಲ್ಲಿ ವೀರ್ಯಾಣು ತೀರಾ ಕಡಿಮೆಯಿದ್ದರೂ ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ವಿಧಾನವು 1992ರಿಂದ ಬಳಕೆಗೆ ಬಂದಿದೆ. ಖರ್ಚು ಒಂದು ಸಲಕ್ಕೆ ಲಕ್ಷ ರೂಪಾಯಿಗೂ ಮೇಲೆ. ಎಲ್ಲರಿಗೂ ಫಲ ಸಿಗುತ್ತದೆ ಎಂಬ ಖಾತರಿಯಿಲ್ಲ. ಹೆಣ್ಣಿನ ವಯಸ್ಸು 35 ದಾಟಿದ ಮೇಲೆ ಯಶಸ್ಸಿನ ಸಾಧ್ಯತೆ ಇಳಿಯುತ್ತದೆ, 40ರ ನಂತರ ಬಹಳ ಕಡಿಮೆ. ಹಾರ್ಮೋನು ಅತಿಯಾದರೆ ಕೆಲವರಿಗೆ ಅಂಡಾಶಯ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಪ್ರಾಣಕ್ಕೇ ಅಪಾಯವಾಗುವುದೂ ಉಂಟು. ಇದನ್ನೆಲ್ಲ ಸಹಿಗೆ ಮೊದಲು ಹೇಳಬೇಕೇ ಹೊರತು ಸಹಿಯ ನಂತರವಲ್ಲ.

ವಂಶದ ಪ್ರಶ್ನೆ

ಇನ್ನು ಆಕೆ ಕೇಳಿದ ಹರಾಮ್ ಹಲಾಲ್ ವಿಷಯಕ್ಕೆ ಬರೋಣ. ಮಕ್ಕಳಾಗದಿದ್ದರೆ ಚಿಕಿತ್ಸೆ ಪಡೆಯುವುದೇ ತಪ್ಪು, ಅದು ವಿಧಿಗೆ ಎದುರಾಡಿದಂತೆ ಎಂದು ಭಾವಿಸುವವರು ನಮ್ಮ ನಡುವೆ ಇದ್ದಾರೆ. ಇದು ಸರಿಯಲ್ಲ. ಇಬ್ರಾಹೀಮ್(ಅ) ಮತ್ತು ಝಕರಿಯ್ಯಾ(ಅ)ರಂತಹ ಪ್ರವಾದಿಗಳೇ ಮುಪ್ಪಿನ ತನಕ ಸಂತಾನಕ್ಕಾಗಿ ಪ್ರಾರ್ಥಿಸಿದವರು. ಮಗುವನ್ನು ಬಯಸುವುದು ತಪ್ಪಲ್ಲ, ಮದ್ದು ಮಾಡುವುದೂ ತಪ್ಪಲ್ಲ.

ಪ್ರನಾಳ ಶಿಶುವಿನ ಬಗ್ಗೆ 1980ರಲ್ಲೇ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಜಾದುಲ್ ಹಕ್ ಅಲಿ ಜಾದುಲ್ ಹಕ್‌ರವರು ಫತ್ವಾ ನೀಡಿದ್ದರು. 1986ರ ಅಕ್ಟೋಬರಿನಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಈ ಚಿಕಿತ್ಸೆಯ ಏಳು ವಿಧಾನಗಳನ್ನು ಪರಿಶೀಲಿಸಿತು. ಅದರಲ್ಲಿ ಐದನ್ನು ನಿಷಿದ್ಧವೆಂದೂ ಎರಡನ್ನು ಅಗತ್ಯವಿದ್ದಲ್ಲಿ ಅನುಮತಿಸಬಹುದೆಂದೂ ತೀರ್ಮಾನಿಸಿತು. ಇದರ ಸಾರಾಂಶವಿಷ್ಟೆ: ವಿವಾಹ ಬಂಧನದಲ್ಲಿರುವ ಪತಿಯ ವೀರ್ಯಾಣು, ಪತ್ನಿಯ ಅಂಡಾಣು, ಅದೇ ಪತ್ನಿಯ ಗರ್ಭ. ಈ ಮೂರರ ನಡುವೆ ನಾಲ್ಕನೆಯವರು ಬರಬಾರದು. ದಾನಿಯ ವೀರ್ಯಾಣು, ದಾನಿಯ ಅಂಡಾಣು, ಬಾಡಿಗೆಯ ಗರ್ಭ ಯಾವುದೂ ಸಲ್ಲದು. ಪತಿ ತೀರಿಕೊಂಡ ಅಥವಾ ತಲಾಖ್ ಆದ ನಂತರ ಶೈತ್ಯದಲ್ಲಿಟ್ಟ ಭ್ರೂಣವನ್ನು ಬಳಸುವುದೂ ಸಲ್ಲದು ಎಂಬುದು ಬಹುತೇಕ ವಿದ್ವಾಂಸರ ನಿಲುವು. ಇರಾನಿನ ಕೆಲವು ಶಿಯಾ ವಿದ್ವಾಂಸರು 1990ರ ದಶಕದ ಕೊನೆಯಲ್ಲಿ ಷರತ್ತುಗಳೊಂದಿಗೆ ದಾನಿಯ ಅಂಡಾಣುವಿಗೆ ಅವಕಾಶ ಕೊಟ್ಟರು. ಆದರೆ ಸುನ್ನಿ ವಿದ್ವಾಂಸರ ಬಹುಮತ ಅದನ್ನು ಒಪ್ಪಿಲ್ಲ.

ಇಲ್ಲಿ ಯಾಕಿಷ್ಟು ಬಿಗಿ ಎಂದು ಕೆಲವರು ಕೇಳಬಹುದು. ವಂಶ ಎಂಬುದು ಕೇವಲ ಹೆಮ್ಮೆಯ ವಿಷಯವಲ್ಲ. ಯಾರನ್ನು ಮದುವೆಯಾಗಬಹುದು, ಯಾರು ಮಹ್ರಮ್, ಯಾರ ಆಸ್ತಿಯಲ್ಲಿ ಯಾರಿಗೆ ಪಾಲು ಎಂಬುದೆಲ್ಲ ಅದರ ಮೇಲೆ ನಿಂತಿದೆ. ಅದರಲ್ಲೂ ನಮ್ಮ ಉತ್ತರ ಕರ್ನಾಟಕದ ಮಟ್ಟಿಗೆ ಇದು ಇನ್ನೂ ಗಂಭೀರ. ಹಿಂದೂಗಳಿರಲಿ, ಮುಸ್ಲಿಮರಿರಲಿ, ಸಂಬಂಧದಲ್ಲೇ ಹೆಣ್ಣು ತರುವ, ಕೊಡುವ ಪದ್ಧತಿ ಇಲ್ಲಿ ಹಿಂದಿನಿಂದಲೂ ಇದೆ. ಹೆಸರು ಗೊತ್ತಿಲ್ಲದ ಒಬ್ಬ ದಾನಿಯಿಂದ ಒಂದೇ ಸುತ್ತಮುತ್ತಲ ಊರುಗಳಲ್ಲಿ ನಾಲ್ಕು ಮಕ್ಕಳು ಹುಟ್ಟಿದರೆ, ಅಣ್ಣ ತಂಗಿಯರೇ ತಿಳಿಯದೆ ಮದುವೆಯಾಗುವ ಪ್ರಮಾದ ಸಂಭವಿಸಲಾರದೇ? ರಕ್ತದ ಕಾಯಿಲೆಯೊಂದು ಮಗುವಿಗೆ ಬಂದರೆ ಅದು ಯಾವ ಕಡೆಯಿಂದ ಬಂತೆಂದು ವೈದ್ಯರಿಗೆ ಯಾರು ಹೇಳುವುದು?

ಈ ಆತಂಕ ಧರ್ಮ ಪಂಡಿತರದ್ದು ಮಾತ್ರವಲ್ಲ. ನಮ್ಮ ದೇಶದ ಕಾನೂನಿಗೂ ಇದೇ ಆತಂಕವಿದೆ.

ಕಾನೂನು ಏನು ಹೇಳುತ್ತದೆ?

ಬಹುಕಾಲ ಈ ಚಿಕಿತ್ಸಾ ಕೇಂದ್ರಗಳಿಗೆ ಭಾರತದಲ್ಲಿ ಕಟ್ಟುನಿಟ್ಟಾದ ಕಾನೂನೇ ಇರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. 2021ರಲ್ಲಿ ಸಂಸತ್ತು ಎರಡು ಕಾಯಿದೆಗಳನ್ನು ಅಂಗೀಕರಿಸಿತು. ಒಂದು ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ, ಇನ್ನೊಂದು ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆ. ಎರಡೂ 2022ರ ಜನವರಿ 25ರಂದು ಜಾರಿಗೆ ಬಂದವು. ಇವುಗಳಲ್ಲಿ ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರಬೇಕಾದ ಕೆಲವು ಅಂಶಗಳಿವೆ.

ಚಿಕಿತ್ಸಾ ಕೇಂದ್ರವು ನೋಂದಣಿಯಾಗಿರಲೇಬೇಕು. ಚಿಕಿತ್ಸೆ ಪಡೆಯುವ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷದೊಳಗಿನ ವಯಸ್ಸಾಗಿರಬೇಕು. ಲಿಖಿತ ಒಪ್ಪಿಗೆಯಿಲ್ಲದೆ ಯಾವುದನ್ನೂ ಮಾಡುವಂತಿಲ್ಲ. ಅಂಡಾಣು ಕೊಡುವ ಹೆಣ್ಣಿನ ವಯಸ್ಸು 23ರಿಂದ 35ರೊಳಗಿರಬೇಕು. ಆಕೆ ಜೀವನದಲ್ಲಿ ಒಂದೇ ಬಾರಿ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ಆಕೆಯಿಂದ ತೆಗೆಯುವಂತಿಲ್ಲ. ಒಬ್ಬ ದಾನಿಯ ಅಂಡಾಣು ಅಥವಾ ವೀರ್ಯಾಣುವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಭ್ರೂಣವನ್ನು ಶೈತ್ಯದಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಹುಟ್ಟಿದ ಮಗುವು ಕಾನೂನಿನ ದೃಷ್ಟಿಯಲ್ಲಿ ಆ ದಂಪತಿಗಳ ಸ್ವಂತ ಮಗುವೇ, ಅದನ್ನು ಕೈಬಿಡುವುದು ಅಪರಾಧ. ದೂರುಗಳನ್ನು ಆಲಿಸಲು ಪ್ರತಿ ಕೇಂದ್ರದಲ್ಲೂ ವ್ಯವಸ್ಥೆ ಇರಬೇಕು.

ಒಬ್ಬ ದಾನಿ, ಒಂದೇ ದಂಪತಿ ಎಂಬ ನಿಯಮವನ್ನು ಗಮನಿಸಿರಿ. ಅಣ್ಣ ತಂಗಿಯರು ತಿಳಿಯದೆ ಒಂದಾಗಬಾರದೆಂಬ ಎಚ್ಚರಿಕೆಗೆ ಇದರಿಂದ ಬಲ ಬರುತ್ತದೆ. ನಮಗೆ ದಾನಿಯ ಮಾರ್ಗವೇ ಸಲ್ಲದು. ಆದರೂ ನಮ್ಮ ಆತಂಕ ಅರ್ಥಹೀನವಲ್ಲ ಎಂಬುದಕ್ಕೆ ಈ ನಿಯಮವೇ ಸಾಕ್ಷಿ.

ಇನ್ನು ಒಪ್ಪಿಗೆಯ ಮಾತು. ಓದಲು ಬಾರದ ಭಾಷೆಯ ಕಾಗದದ ಮೇಲೆ, ಯಾರೋ ಪೆನ್ಸಿಲಿನಿಂದ ಹಾಕಿದ ಗುರುತಿನ ಕೆಳಗೆ ಮಾಡಿದ ಸಹಿ ಒಪ್ಪಿಗೆಯೇ? ನಿಕಾಹ್‌ನಲ್ಲಿ ಹೆಣ್ಣಿನ ಸಮ್ಮತಿ ಕೇಳದೆ ಮದುವೆ ಮಾಡಬಾರದೆಂದು ನಾವು ಹೇಳುತ್ತೇವೆ. ಅದೇ ಹೆಣ್ಣಿನ ಗರ್ಭದೊಳಗೆ ಏನನ್ನು ಇಡುತ್ತೇವೆಂದು ಆಕೆಗೆ ಹೇಳದಿರುವುದು ಯಾವ ನ್ಯಾಯ?

ಬಾಡಿಗೆಯ ಗರ್ಭ

ದಾನಿಯ ಅಂಡಾಣುವಿನ ಜೊತೆಗೇ ಬರುವ ಇನ್ನೊಂದು ವಿಷಯ ಬಾಡಿಗೆ ತಾಯ್ತನ. ಒಂದು ಕಾಲದಲ್ಲಿ ಭಾರತವು ಜಗತ್ತಿಗೇ ಗರ್ಭವನ್ನು ಬಾಡಿಗೆಗೆ ಕೊಡುವ ಸಂತೆಯಾಗಿತ್ತು. 2008ರಲ್ಲಿ ಜಪಾನಿನ ದಂಪತಿಗಾಗಿ ಗುಜರಾತಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹುಟ್ಟುವ ಮೊದಲೇ ದಂಪತಿಗೆ ವಿಚ್ಛೇದನವಾಗಿತ್ತು. ಹೆತ್ತವಳು, ಅಂಡಾಣು ಕೊಟ್ಟವಳು, ಮಗು ಬೇಕೆಂದು ಕೇಳಿದವಳು, ಹೀಗೆ ಮೂವರು ತಾಯಂದಿರ ಲೆಕ್ಕವಿದ್ದರೂ ಎತ್ತಿಕೊಳ್ಳಲು ಒಬ್ಬ ತಾಯಿಯೂ ಇರಲಿಲ್ಲ. ಕೊನೆಗೆ ಅಜ್ಜಿ ಜಪಾನಿನಿಂದ ಬರಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಈಗಿನ ಕಾಯಿದೆಯು ಹಣಕ್ಕಾಗಿ ಗರ್ಭ ಕೊಡುವುದನ್ನು ಸಂಪೂರ್ಣ ನಿಷೇಧಿಸಿದೆ. ತಪ್ಪಿದವರಿಗೆ ಹತ್ತು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡವಿದೆ. ಗರ್ಭ ಹೊರುವವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದೊಳಗಿನ ಮಹಿಳೆಯಾಗಿರಬೇಕು, ಜೀವನದಲ್ಲಿ ಒಂದೇ ಬಾರಿ ಹೊರಬಹುದು. ಬಡತನದ ಕಾರಣಕ್ಕೆ ಹೆಣ್ಣೊಬ್ಬಳು ತನ್ನ ಒಡಲನ್ನೇ ಮಾರಬಾರದೆಂಬುದು ಇದರ ಉದ್ದೇಶ.

ಆದರೆ ನೋವಿನ ಪ್ರಕರಣಗಳೂ ಬರುತ್ತವೆ. 2023ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಅಂತಹದೊಂದು ಬಂತು. ದಂಪತಿಯ ಒಬ್ಬನೇ ಮಗ 2022ರ ಡಿಸೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ತಾಯಿಯ ಗರ್ಭಕೋಶವನ್ನು ಮೊದಲೇ ತೆಗೆಯಲಾಗಿತ್ತು. ಬಾಡಿಗೆ ತಾಯಿಯ ಮೂಲಕ ಮತ್ತೊಂದು ಮಗು ಪಡೆಯಲು ಅವರು ಬಯಸಿದರು. ಆದರೆ ತಂದೆಗೆ 57 ವರ್ಷ, ಕಾನೂನಿನ ಮಿತಿ 55. ನ್ಯಾಯಮೂರ್ತಿ ಎಂ. ನಾಗಪ್ರಸನ್ನರವರು ಅರ್ಜಿಯನ್ನು ಬರಿದೇ ತಳ್ಳಿಹಾಕಲಿಲ್ಲ. ಮೂರು ಪರೀಕ್ಷೆಗಳನ್ನು ಸೂಚಿಸಿದರು. ವಂಶವಾಹಿಯ ಪರೀಕ್ಷೆ, ಅಂದರೆ ಹುಟ್ಟುವ ಮಗುವಿಗೆ ಕಾಯಿಲೆಯ ಅಪಾಯವಿದೆಯೇ? ದೈಹಿಕ ಪರೀಕ್ಷೆ, ಅಂದರೆ ಈ ವಯಸ್ಸಿನ ತಂದೆತಾಯಿ ಮಗುವನ್ನು ಎತ್ತಿ ಆಡಿಸಿ ಸಾಕಬಲ್ಲರೇ? ಆರ್ಥಿಕ ಪರೀಕ್ಷೆ, ಅಂದರೆ ಮಗುವಿನ ಭವಿಷ್ಯಕ್ಕೆ ಭದ್ರತೆಯಿದೆಯೇ?

ಬಾಡಿಗೆ ತಾಯ್ತನ ಇಸ್ಲಾಮಿಗೆ ಒಪ್ಪಿಗೆಯಲ್ಲ ಎಂಬುದನ್ನು ಹೇಳಿದ್ದೇನೆ. ಆದರೂ ಈ ಮೂರು ಪರೀಕ್ಷೆಗಳನ್ನು ಕಂಡಾಗ ನನಗೆ ಆ ಹಿರೇಹಂದಿಗೋಳದ ಸೋದರಿಯ ಮಾತು ನೆನಪಾಗುತ್ತದೆ. ಮೂರೂ ಪ್ರಶ್ನೆಗಳು ಮಗುವಿನ ಕಡೆಯಿಂದ ಕೇಳಿದವು. ನಮಗೆ ಮಗು ಬೇಕು ಎಂಬುದಷ್ಟೇ ಸಾಲದು. ಆ ಮಗುವಿಗೆ ಏನು ಬೇಕು ಎಂದೂ ಕೇಳಬೇಕು.

ಆರಿಸಿಕೊಳ್ಳುವ ಚಪಲ

ಮಗು ಬೇಕೆಂಬ ಬಯಕೆಯ ಪಕ್ಕದಲ್ಲೇ ಇನ್ನೊಂದು ಬಯಕೆ ಅಡಗಿರುತ್ತದೆ. ಇಂತಹದೇ ಮಗು ಬೇಕು ಎಂಬುದು. ನಮ್ಮ ರಾಜ್ಯದಲ್ಲಿ ಇದರ ಅತ್ಯಂತ ಕ್ರೂರ ಮುಖ 2023ರ ಕೊನೆಯಲ್ಲಿ ಬಯಲಾಯಿತು. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲವೊಂದನ್ನು ಬೆಂಗಳೂರಿನ ಪೊಲೀಸರು ಪತ್ತೆಹಚ್ಚಿದರು. ನೂರಾರು ಹೆಣ್ಣು ಭ್ರೂಣಗಳ ಹತ್ಯೆಯ ಆರೋಪ ಕೇಳಿಬಂದು ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಜಾಗದಲ್ಲಿ ಹೆಣ್ಣುಮಕ್ಕಳ ಮರಣಪತ್ರ ಬರೆಯುತ್ತಿದ್ದರು!

ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲೇ ಬಂದಿದೆ. 2003ರ ತಿದ್ದುಪಡಿಯಲ್ಲಿ ಗರ್ಭಧಾರಣೆಗೆ ಮುಂಚಿನ ಆಯ್ಕೆಯನ್ನೂ ಸೇರಿಸಲಾಯಿತು. ಹೀಗಿದ್ದೂ 2011ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948 ಮಾತ್ರ. ಆ ಕಾಯಿದೆಯಲ್ಲಿ ಒಂದು ಅರ್ಥಪೂರ್ಣ ಅಂಶವಿದೆ. ಪರೀಕ್ಷೆ ಮಾಡಿಸಿಕೊಂಡ ಗರ್ಭಿಣಿಯನ್ನು ಗಂಡ ಅಥವಾ ಮನೆಯವರು ಬಲವಂತಪಡಿಸಿದ್ದಾರೆಂದೇ, ಬೇರೆ ಸಾಕ್ಷಿ ಸಿಗುವ ತನಕ, ನ್ಯಾಯಾಲಯ ಭಾವಿಸಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಏನೆಂದು ಕಾನೂನಿಗೆ ಚೆನ್ನಾಗಿಯೇ ಗೊತ್ತಿದೆ. ಹೆಣ್ಣುಮಗುವನ್ನು ಜೀವಂತ ಹೂಳುತ್ತಿದ್ದ ಪದ್ಧತಿಯನ್ನು ಕೊನೆಗಾಣಿಸಿದ ಪ್ರವಾದಿ(ಸ)ಯವರ ಅನುಯಾಯಿಗಳೆಂದು ಹೇಳಿಕೊಳ್ಳುವ ನಾವು, ಮೂರನೆಯದೂ ಹೆಣ್ಣಾದಾಗ ಸೊಸೆಯ ಮುಖ ನೋಡುವ ರೀತಿಯನ್ನು ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಈಗ ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಯುವುದರಿಂದ, ಗರ್ಭಕ್ಕೆ ಇಡುವ ಮೊದಲೇ ಅದನ್ನು ಪರೀಕ್ಷಿಸಬಹುದು. ಇದರಿಂದ ಒಳ್ಳೆಯದೂ ಆಗಿದೆ. ತಂದೆ ತಾಯಿ ಇಬ್ಬರೂ ಥಲಸ್ಸೇಮಿಯಾದ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆಯಿದೆ. ಅಂತಹ ಮಗು ಜೀವನವಿಡೀ ಕೆಲವು ವಾರಗಳಿಗೊಮ್ಮೆ ರಕ್ತ ಪಡೆಯುತ್ತಿರಬೇಕು. ಅಹ್ಮದಾಬಾದಿನಲ್ಲಿ ಈ ಕಾಯಿಲೆಯ ಹುಡುಗನೊಬ್ಬನಿಗಾಗಿ, ಭ್ರೂಣ ಪರೀಕ್ಷೆಯ ಮೂಲಕ ಅವನಿಗೆ ಹೊಂದುವ ತಂಗಿಯೊಬ್ಬಳು 2018ರಲ್ಲಿ ಜನಿಸಿದಳು. 2020ರಲ್ಲಿ ಆಕೆಯ ಅಸ್ಥಿಮಜ್ಜೆಯನ್ನು ಅಣ್ಣನಿಗೆ ಕಸಿ ಮಾಡಲಾಯಿತು. ಅಣ್ಣ ಗುಣಮುಖನಾದ. ತಾಯಿಯ ಸಂಕಟ ಬಲ್ಲವರು ಯಾರೂ ಇದನ್ನು ಸುಲಭವಾಗಿ ಖಂಡಿಸಲಾರರು. ಆದರೆ ಇಲ್ಲಿಯೂ ಅದೇ ಪ್ರಶ್ನೆಯಿದೆ. "ನನ್ನನ್ನು ಯಾಕೆ ಹೆತ್ತಿರಿ?" ಎಂದು ಆ ತಂಗಿ ನಾಳೆ ಕೇಳಿದಾಗ, "ಅಣ್ಣನಿಗಾಗಿಯೂ ಹೌದು, ನಿನಗಾಗಿಯೂ ಹೌದು" ಎಂದು ಹೇಳುವಷ್ಟು ಪ್ರೀತಿ ಆ ಮನೆಯಲ್ಲಿರಬೇಕು.

2018ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣದ ವಂಶವಾಹಿಯನ್ನೇ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟುವಂತೆ ಮಾಡಿದ್ದೇನೆಂದು ಘೋಷಿಸಿದಾಗ ಜಗತ್ತಿನ ವಿಜ್ಞಾನಿಗಳೇ ಬೆಚ್ಚಿಬಿದ್ದರು. ಮರುವರ್ಷ ಅಲ್ಲಿನ ನ್ಯಾಯಾಲಯ ಆತನಿಗೆ ಮೂರು ವರ್ಷಗಳ ಸಜೆ ವಿಧಿಸಿತು. ಆ ತಿದ್ದುಪಡಿ ಆ ಮಕ್ಕಳಲ್ಲಿ ಮಾತ್ರ ನಿಲ್ಲುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳಿಗೂ ಇಳಿಯಬಹುದು. ಇಲ್ಲಿ ಒಪ್ಪಿಗೆ ಕೇಳಬೇಕಾದವರು ಇನ್ನೂ ಹುಟ್ಟಿಯೇ ಇಲ್ಲ!

ಫೈಲಿನಲ್ಲಿ ಇಲ್ಲದ ಕಾಗದ

ಮತ್ತೆ ಹಿರೇಹಂದಿಗೋಳಕ್ಕೆ ಬರುತ್ತೇನೆ. ಆಕೆಯ ಫೈಲಿನಲ್ಲಿ ಎಂಟು ವರ್ಷಗಳ ಕಾಗದಗಳಿದ್ದವು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ, ಮಾತ್ರೆಗಳ ಚೀಟಿ ಎಲ್ಲ ಆಕೆಯದ್ದೇ. ಒಂದು ಕಾಗದ ಮಾತ್ರ ಇರಲಿಲ್ಲ. ಗಂಡನ ವೀರ್ಯ ಪರೀಕ್ಷೆಯ ವರದಿ. "ಅವರಿಗೆ ಹೇಳಿದ್ರ ಸಿಟ್ಟಾಗ್ತಾರ್ರಿ. ಅತ್ತಿಯಾರು, ನಮ್ಮ ವಂಶದಾಗ ಗಂಡಸರಿಗೆ ಯಾವ ಕಡಿಮಿನೂ ಇಲ್ಲ ಅಂತಾರ್ರಿ" ಎಂದಳು.

ಸಹೋದರಿಯರೇ, ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಪಾಲೂ ಇರುತ್ತದೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಸತ್ಯ. ಜಗತ್ತಿನಲ್ಲಿ ಆರು ಮಂದಿಯಲ್ಲಿ ಒಬ್ಬರಿಗೆ ಜೀವನದ ಯಾವುದಾದರೂ ಹಂತದಲ್ಲಿ ಈ ತೊಂದರೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿದೆ. ಇದು ಯಾರ ಪಾಪದ ಫಲವೂ ಅಲ್ಲ. ಪುರುಷನ ಪರೀಕ್ಷೆ ಅತ್ಯಂತ ಸುಲಭ, ಅಗ್ಗ, ನೋವಿಲ್ಲದ್ದು. ಹೆಣ್ಣಿನ ಪರೀಕ್ಷೆಗಳು ದುಬಾರಿ, ನೋವಿನವು. ಆದರೂ ನಮ್ಮ ಮನೆಗಳಲ್ಲಿ ಮೊದಲು ಹೆಣ್ಣು ಆಸ್ಪತ್ರೆಗೆ ಹೋಗುತ್ತಾಳೆ, ಗಂಡು ಕೊನೆಗೆ ಹೋಗುತ್ತಾನೆ, ಕೆಲವೊಮ್ಮೆ ಹೋಗುವುದೇ ಇಲ್ಲ. ನಡುವೆ ಎರಡನೆಯ ಮದುವೆಯ ಮಾತು ಬಂದುಬಿಡುತ್ತದೆ. ಯಂತ್ರಗಳು ಎಷ್ಟೇ ಹೊಸದಾಗಿರಲಿ, ಅವುಗಳ ಮುಂದೆ ಹೆಣ್ಣನ್ನು ತಂದು ಮಲಗಿಸುವ ನಮ್ಮ ಮನಸ್ಸು ಮಾತ್ರ ಹಳೆಯದೇ.

ಎಲ್ಲ ಚಿಕಿತ್ಸೆಯ ನಂತರವೂ ಮಗುವಾಗದಿದ್ದರೆ? ಅನಾಥ ಮಗುವನ್ನು ಸಾಕುವ ಬಾಗಿಲು ತೆರೆದೇ ಇದೆ. ಅನಾಥರ ಪೋಷಣೆಗೆ ಇಸ್ಲಾಮ್ ನೀಡಿದ ಸ್ಥಾನ ನಿಮಗೆ ತಿಳಿದೇ ಇದೆ. ಸಾಕಿದ ಮಗುವಿನ ಹುಟ್ಟಿನ ಸತ್ಯವನ್ನು ಮರೆಮಾಚಬಾರದು ಎಂಬುದಷ್ಟೇ ಷರತ್ತು. ಪ್ರವಾದಿ(ಸ)ಯವರು ಮಗನಂತೆ ಸಾಕಿದ ಝೈದ್(ರ)ರನ್ನು ಅವರ ತಂದೆ ಹಾರಿಸರ ಹೆಸರಿನಿಂದಲೇ ಕರೆಯಲಾಯಿತು. ಅದರಿಂದ ಪ್ರೀತಿಯೇನೂ ಕಡಿಮೆಯಾಗಲಿಲ್ಲ. ಎಳೆಯ ಮಗುವಾದರೆ ಎದೆಹಾಲಿನ ಸಂಬಂಧದಿಂದ ಮಹ್ರಮ್ ಆಗುವ ದಾರಿಯೂ ಇದೆ, ಅದರ ನಿಯಮಗಳನ್ನು ತಿಳಿದ ವಿದ್ವಾಂಸರಲ್ಲಿ ಕೇಳಿಕೊಳ್ಳಬೇಕು. ಯಾವ ಧರ್ಮದವರೇ ಆಗಲಿ ಬಾಲನ್ಯಾಯ ಕಾಯಿದೆಯಡಿ ಮಗುವನ್ನು ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟು 2014ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಅದು ಕಡ್ಡಾಯವೂ ಅಲ್ಲ, ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಆಸ್ಪತ್ರೆಯಲ್ಲೋ ದಲ್ಲಾಳಿಗಳಲ್ಲೋ ಹಣ ಕೊಟ್ಟು ಮಗುವನ್ನು ತರುವುದು ಅಪರಾಧ ಎಂಬುದನ್ನು ಮರೆಯಬಾರದು.

ಆದ್ದರಿಂದ ಇಂತಹ ಚಿಕಿತ್ಸೆಗೆ ಹೊರಡುವ ಮೊದಲು ಪತಿ ಪತ್ನಿ ಒಟ್ಟಿಗೆ ಕುಳಿತು ಕೆಲವನ್ನು ಖಚಿತಪಡಿಸಿಕೊಳ್ಳಿರಿ. ಇಬ್ಬರ ಪರೀಕ್ಷೆಯೂ ಆಗಿದೆಯೇ? ಕೇಂದ್ರಕ್ಕೆ ನೋಂದಣಿಯಿದೆಯೇ? ಯಾರ ಅಂಡಾಣು, ಯಾರ ವೀರ್ಯಾಣು ಎಂದು ಬರಹದಲ್ಲಿದೆಯೇ? ಎಷ್ಟು ಭ್ರೂಣ ಮಾಡುತ್ತಾರೆ, ಉಳಿದವನ್ನು ಏನು ಮಾಡುತ್ತಾರೆ? ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳುವಂತೆ ಕೇಳಿರಿ, ಕೇಳಲು ನಾಚಬೇಡಿರಿ. ಅರ್ಥವಾಗದ ಹಾಳೆಯ ಮೇಲೆ ಸಹಿ ಮಾಡಬೇಡಿರಿ. ಕೊನೆಗೆ ಒಂದು ಪ್ರಶ್ನೆಯನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ನಾವು ಈಗ ಮಾಡುತ್ತಿರುವುದನ್ನೆಲ್ಲ ಇಪ್ಪತ್ತು ವರ್ಷಗಳ ನಂತರ ಈ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಹೇಳಬಲ್ಲೆವೇ? ಹೇಳಬಲ್ಲೆವಾದರೆ ಮುಂದುವರಿಯಿರಿ. ಬಚ್ಚಿಡಬೇಕಾಗುತ್ತದೆ ಎನಿಸಿದರೆ ಅಲ್ಲೇ ನಿಲ್ಲಿರಿ.

ಆ ರಾತ್ರಿ ನಾನೂ ಆಕೆಯೂ ಸೇರಿ ಆಕೆಯ ಪತಿಯನ್ನು ಕರೆದು ಕೂರಿಸಿ ಮಾತನಾಡಿದೆವು. ಗದಗದ ಮಾರುಕಟ್ಟೆಯಲ್ಲಿ ದುಡಿಯುವ, ಮಾತು ಕಡಿಮೆಯ ಮನುಷ್ಯ. ಪೆನ್ಸಿಲಿನ ಗುರುತನ್ನು ತೋರಿಸಿದಾಗ ಆತನಿಗೂ ಅದು ಹೊಸ ಸುದ್ದಿಯೇ ಆಗಿತ್ತು. ಬಹಳ ಹೊತ್ತು ನೆಲ ನೋಡುತ್ತಾ ಕೂತಿದ್ದ. ಸಿಟ್ಟಾಗಲಿಲ್ಲ.

ಹದಿನೈದು ದಿನಗಳ ನಂತರ ಆಕೆಯ ಫೋನು ಬಂತು. ಆ ಕಾಗದಕ್ಕೆ ಸಹಿ ಮಾಡಿಲ್ಲವಂತೆ. "ಸೋಮವಾರ ಅವರ ಸ್ವಂತ ಗದಗಕ್ಕ ಹೋಗಿ ಟೆಸ್ಟ್ ಮಾಡಿಸ್ಕೊಂಡು ಬಂದಾರ್ರಿ ಅಕ್ಕಾರ" ಎಂದಳು. ವರದಿಯಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಅದು ಅವರಿಬ್ಬರ ವಿಷಯ. ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ಆ ಫೈಲಿನಲ್ಲಿ ಇಬ್ಬರ ಹೆಸರೂ ಬಂದಿತ್ತು. ಕರುಣಾಮಯನಾದ ಅಲ್ಲಾಹನು ಅವರ ಪ್ರಾರ್ಥನೆಯನ್ನು ಸ್ವೀಕರಿಸಲಿ.